ಉ: ‘ದಿ ಪೀಸ್‌ಮೇಕರ್ಸ್’ ಚಿತ್ರವನ್ನು ಕಣ್ಣಾರೆ ಕಂಡು ಬರೆದದ್ದೇ?

ಅಮೆರಿಕದ ಅಧ್ಯಕ್ಷ ಲಿಂಕನ್ ತನ್ನ ಸೇನಾನಿಗಳೊಂದಿಗೆ ಹಡಗಿನಲ್ಲಿ ಕುಳಿತಿರುವ ಈ ಚಿತ್ರವನ್ನು ಕಲಾವಿದ ಎದುರಿಗಿದ್ದು ಬರೆದನೇ ಎಂದು ಕೇಳಿದ್ದೀರಿ. ಇಲ್ಲ. ಅಮೆರಿಕದ ಅಂತರ್ಯುದ್ಧದ ಕೊನೆಯಲ್ಲಿ, 1865ರ ಮಾರ್ಚ್‌ನಲ್ಲಿ, ವರ್ಜೀನಿಯಾದ ಸಿಟಿ ಪಾಯಿಂಟ್ ಬಳಿ ‘ರಿವರ್ ಕ್ವೀನ್’ ಎಂಬ ಹಡಗಿನಲ್ಲಿ ಆ ಸಭೆ ನಡೆಯಿತು. ಜಾರ್ಜ್ ಹೀಲಿ ಅದನ್ನು ಚಿತ್ರಿಸಿದ್ದು 1868ರಲ್ಲಿ. ಅಷ್ಟರಲ್ಲಿ ಲಿಂಕನ್ ಹತ್ಯೆಯಾಗಿ ಮೂರು ವರ್ಷ ಕಳೆದಿತ್ತು.

ಹಾಗೆಂದು ಇದನ್ನು ಬರೀ ಕಲ್ಪನೆ ಎಂದು ದಯವಿಟ್ಟು ತಳ್ಳಿಹಾಕಬೇಡಿ. ಚಿತ್ರದಲ್ಲಿರುವ ಭೂಸೇನೆಯ ಸೇನಾನಿಗಳಾದ ಶೆರ್ಮನ್ ಮತ್ತು ಗ್ರಾಂಟ್, ನೌಕಾಪಡೆಯ ಪೋರ್ಟರ್ ಮೂವರೂ ಆ ಸಭೆಯಲ್ಲಿ ನಿಜವಾಗಿಯೂ ಇದ್ದರು. ನನ್ನನ್ನು ಹಿಡಿದು ನಿಲ್ಲಿಸುವುದು ಲಿಂಕನ್ ಕುಳಿತ ಭಂಗಿ. ಶೆರ್ಮನ್ ಮಾತನಾಡುತ್ತಿದ್ದಾನೆ, ಅಧ್ಯಕ್ಷ ಗಲ್ಲಕ್ಕೆ ಕೈಯಾನಿಸಿ, ಮುಂದಕ್ಕೆ ಬಾಗಿ ಕೇಳಿಸಿಕೊಳ್ಳುತ್ತಿದ್ದಾನೆ. ಕುದುರೆ, ಕತ್ತಿ, ಹೊಗೆಗಳ ಯುದ್ಧಚಿತ್ರಗಳಲ್ಲಿ ಆಲಿಸುವ ನಾಯಕ ಸಿಗುವುದೇ ಅಪರೂಪ. ಹೀಲಿಗೂ ಆ ಭಂಗಿ ಮೆಚ್ಚುಗೆಯಾಗಿರಬೇಕು: 1869ರಲ್ಲಿ ಉಳಿದವರನ್ನು ಬಿಟ್ಟು ಲಿಂಕನ್ ಒಬ್ಬನನ್ನೇ ಅದೇ ಭಂಗಿಯಲ್ಲಿ ಮತ್ತೆ ಬರೆದ.

ಕಿಟಕಿಯಾಚೆಯ ಕಾಮನಬಿಲ್ಲು ಮಾತ್ರ ಶಾಂತಿಯ ಸಂಕೇತ. ಅದನ್ನು ಅಂದಿನ ಹವಾಮಾನದ ದಾಖಲೆಯೆಂದು ಓದಬೇಡಿ. ಎರಡೂ ಚಿತ್ರಗಳು ಶ್ವೇತಭವನದ ಸಂಗ್ರಹದಲ್ಲಿವೆ. ಅಕ್ಕಪಕ್ಕ ಇಟ್ಟು ನೋಡಿ.