ಆ ಗುಂಡಿ ಹೊಲಿಯುವ ಸೀನ್ ಯಾಕೆ ತೆಗೆದಿರಿ?

"ಇಬ್ಬರು ಹೆಂಗಸರ ಪ್ರೇಮದ ಕಾದಂಬರಿ ಬರೆಯುತ್ತಿದ್ದೇನೆ. ಆರು ಮುತ್ತುಗಳಿವೆ. ಆದರೂ ಚಪ್ಪೆ ಅಂತಾಳೆ ನನ್ನ ಗೆಳತಿ. ಬರೆಯುವುದನ್ನೇ ಬಿಟ್ಟುಬಿಡಲಾ?" ಅಂತ ಓದುಗರೊಬ್ಬರು ಕೇಳಿದ್ದಾರೆ.

ಬಿಡಬೇಡಿ. ಪತ್ರ ಓದಿ ನನಗೆ ಸಿಟ್ಟು ಬಂದದ್ದು ನಿಜ, ನಿಮ್ಮ ಗೆಳತಿಯ ಮೇಲೆ.

ಮೂರು ಪುಟದಲ್ಲಿ ಎರಡು ಪುಟ ಮುತ್ತಿನ ಲೆಕ್ಕಕ್ಕೇ ಹೋಯಿತು. ಕೊನೆಗೆ, ಹೇಳಿದರೂ ಆಯಿತು ಬಿಟ್ಟರೂ ಆಯಿತು ಅನ್ನುವ ಹಾಗೆ ಒಂದು ಸಾಲು. ಒಬ್ಬಳ ಅಂಗಿ ಮೈಮೇಲಿರುವಾಗಲೇ ಇನ್ನೊಬ್ಬಳು ಅದರ ಗುಂಡಿ ಹೊಲಿಯುವ ಸೀನ್ ಇತ್ತಂತೆ. "ಇದರಲ್ಲೇನಿದೆ?" ಅಂತ ಗೆಳತಿ ಕೇಳಿದಳಂತೆ. ನೀವು ತೆಗೆದುಬಿಟ್ಟಿರಂತೆ.

ಅಯ್ಯೋ, ಇಡೀ ಕಾದಂಬರಿ ಇದ್ದದ್ದೇ ಅಲ್ಲಿ!

ಸೂಜಿ ಚುಚ್ಚೀತು ಅಂತ ಒಬ್ಬಳು ಉಸಿರು ಬಿಗಿಹಿಡಿದು ನಿಂತಿದ್ದಾಳೆ. ಇನ್ನೊಬ್ಬಳ ಬೆರಳು ಬಟ್ಟೆಯ ಒಳಬದಿಯಲ್ಲಿದೆ. ಗಂಟು ಹಾಕಿದ್ದಾಯಿತು, ಕತ್ತರಿ ಕಾಣುತ್ತಿಲ್ಲ. ದಾರವನ್ನು ಹಲ್ಲಿನಲ್ಲೇ ಕಡಿಯಬೇಕು. ಬಗ್ಗಿದವಳು ಒಂದು ಗಳಿಗೆ ಜಾಸ್ತಿ ನಿಂತಳಾ? ಇಲ್ಲಾ ದಾರವೇ ಗಟ್ಟಿಯಿತ್ತಾ?

ಈ ಅನುಮಾನದಲ್ಲೇ ಕಾವಿರುವುದು. ಹೆಂಗಸರಿಬ್ಬರು ಕೈ ಹಿಡಿದು ನಡೆದರೆ, ಒಬ್ಬರ ಜಡೆ ಒಬ್ಬರು ಹೆಣೆದರೆ ನೋಡಿದವರು ಸ್ನೇಹ ಅಂದುಕೊಂಡು ಸುಮ್ಮನಾಗುತ್ತಾರೆ. ಮುಟ್ಟಿದವಳಿಗೂ ಮುಟ್ಟಿಸಿಕೊಂಡವಳಿಗೂ ಮಾತ್ರ ರಾತ್ರಿ ನಿದ್ದೆ ಬರಬಾರದು. ನೀವು 2ನೇ ಅಧ್ಯಾಯದಲ್ಲೇ ಇಬ್ಬರ ಬಾಯಲ್ಲೂ "ಪ್ರೀತಿಸ್ತೀನಿ" ಅನ್ನಿಸಿಬಿಟ್ಟಿದ್ದೀರಿ. ಆಮೇಲೆ ಆರಲ್ಲ, ಅರವತ್ತು ಮುತ್ತು ಕೊಡಿಸಿದರೂ ಓದುವವರು ಯಾಕೆ ಕಾಯಬೇಕು?

ಗ್ರೀಕ್ ಕವಿ ಸಾಫೋ ಸುಮಾರು 2600 ವರ್ಷಗಳ ಹಿಂದೆ ಬರೆದ ಪದ್ಯವೊಂದಿದೆ. ಅದರಲ್ಲಿ ಒಬ್ಬಳು ಸುಮ್ನೆ ನಗುತ್ತಾಳೆ, ಅದೂ ಎದುರಿಗೆ ಕೂತ ಗಂಡಸಿನ ಜೊತೆ. ಅವಳನ್ನು ನೋಡುವವಳ ನಾಲಿಗೆ ಕಟ್ಟುತ್ತದೆ, ಚರ್ಮದಡಿ ಬೆಂಕಿ ಹರಿಯುತ್ತದೆ, ಕಿವಿ ಗುಂಯ್‌ಗುಡುತ್ತದೆ. ಯಾರೂ ಯಾರನ್ನೂ ಮುಟ್ಟಿಲ್ಲ. ನಿಮ್ಮ ಗೆಳತಿ ಅದನ್ನೂ ಚಪ್ಪೆ ಅನ್ನುತ್ತಿದ್ದಳೇನೋ!

ಇನ್ನೊಂದು ನನ್ನ ಹಳೇ ಗೊಣಗಾಟ. "ಅವಳು ಅವಳ ಕೈ ಹಿಡಿದಳು" ಅಂದರೆ ಯಾರು ಯಾರದ್ದು? ಹೆಸರು ಬರೆಯಿರಿ. ಮತ್ತೆ, "ನೀವು" ಹೋಗಿ "ನೀನು" ಬರುವ ಗಳಿಗೆಯನ್ನು ಆದಷ್ಟು ಮುಂದಕ್ಕೆ ತಳ್ಳಿ. ಅದು ಬಾಯ್ತಪ್ಪಿ ಬಂದರಂತೂ ಮುತ್ತಿಗಿಂತ ಜೋರು.

ಈಗ ಮಾಡಬೇಕಾದ್ದು ಒಂದೇ. ಗುಂಡಿಯ ಸೀನ್ ವಾಪಸ್ ತನ್ನಿ. ಅದಕ್ಕೆ ಮುಂಚಿನ ಮುತ್ತು, ಪ್ರೀತಿಯ ಮಾತು ಎಲ್ಲ ಹೊಡೆದುಹಾಕಿ. ಮುಗಿಯುವ ತನಕ ಆ ಗೆಳತಿಗೆ ಒಂದು ಹಾಳೆಯನ್ನೂ ತೋರಿಸಬೇಡಿ.