ಅಜ್ಜನ ಡಕೋಟಾ, ಮೊಮ್ಮಗಳ ಕನ್ನಡಕ

ದ್ವಿತೀಯ ಪಿಯುಸಿಯ ಈ ಹುಡುಗಿಯನ್ನು ಅವಳ ಭೌತಶಾಸ್ತ್ರದ ಉಪನ್ಯಾಸಕಿ ಆಪ್ತಸಮಾಲೋಚಕಿಯಾದ ನನ್ನ ಬಳಿಗೆ ಕಳುಹಿಸಿದ್ದು ತಲೆನೋವಿನ ಕಾರಣಕ್ಕೆ. ಅವಳನ್ನು ಅನ್ವಿತಾ ಎಂದು ಕರೆಯುತ್ತೇನೆ. ಅವಳ ಮತ್ತು ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಉಡುಪಿಯಲ್ಲಿ ಪಿಯುಸಿ ಮಕ್ಕಳ ತಲೆನೋವೆಂದರೆ ಹೆಚ್ಚಾಗಿ ನಿದ್ದೆಗೇಡು. ಬೆಳಿಗ್ಗೆ ಕೋಚಿಂಗ್, ಹಗಲಿಗೆ ಕಾಲೇಜು, ಸಂಜೆ ಮತ್ತೆ ಕೋಚಿಂಗ್. ಆದರೆ ಉಪನ್ಯಾಸಕಿಯ ಚೀಟಿಯಲ್ಲಿ ಇನ್ನೊಂದು ಸಾಲಿತ್ತು: ಹಲಗೆಯನ್ನು ನೋಡದೆ ಪಕ್ಕದವಳ ನೋಟ್ಸ್ ನೋಡಿ ಬರೆಯುತ್ತಾಳೆ, ಯಾಕೆಂದು ಕೇಳಿದರೆ ಸಿಡುಕುತ್ತಾಳೆ.

ಎರಡನೆಯ ಭೇಟಿಯಲ್ಲಿ ವಿಷಯ ಹೊರಬಿತ್ತು. ಕೆಲವು ತಿಂಗಳ ಹಿಂದೆ ಒಬ್ಬಳೇ ಕನ್ನಡಕದ ಅಂಗಡಿಗೆ ಹೋಗಿ ಕಣ್ಣು ತೋರಿಸಿಕೊಂಡಿದ್ದಳು. ಎರಡೂ ಕಣ್ಣಿಗೆ ಮೈನಸ್ ಒಂದರ ಆಸುಪಾಸು. ಕೊಟ್ಟ ಚೀಟಿಯನ್ನು ಮಡಚಿ ಜಾಮಿಟ್ರಿ ಪೆಟ್ಟಿಗೆಯ ತಳದಲ್ಲಿ ಇಟ್ಟುಕೊಂಡಿದ್ದಳು. ಕನ್ನಡಕ ಮಾಡಿಸಿರಲಿಲ್ಲ, ಮನೆಯಲ್ಲಿ ಹೇಳಿರಲಿಲ್ಲ. ಕಣ್ಣು ಕಿರಿದು ಮಾಡಿ ಹಲಗೆ ನೋಡಿದರೆ ತಲೆ ನೋಯದೆ ಏನಾಗುತ್ತದೆ?

ಮುಚ್ಚಿಟ್ಟದ್ದು ಅಜ್ಜನಿಗಾಗಿ. ತಾಯಿಯ ತಂದೆ ವಾಯುಪಡೆಯಲ್ಲಿ ಸಾಗಣೆ ವಿಮಾನಗಳ ಪೈಲಟ್ ಆಗಿದ್ದವರು. ಈಗ ಎಂಬತ್ತು ದಾಟಿ, ಕಿನ್ನಿಗೋಳಿಯ ಕಡೆ ತೋಟದ ಮನೆಯಲ್ಲಿ ಅಜ್ಜಿಯ ಜೊತೆಗಿದ್ದಾರೆ. 1951ರ ಡಿಸೆಂಬರ್ 25ರಂದು ಮಂಗಳೂರಿನ ಬಜಪೆ ವಿಮಾನ ನಿಲ್ದಾಣ ಆರಂಭವಾದಾಗ ನೆಹರೂ ಬಂದಿಳಿದದ್ದು ಡಕೋಟಾ ವಿಮಾನದಲ್ಲಿ. ಅದನ್ನು ನೋಡಲು ದೊಡ್ಡವರ ಕೈಹಿಡಿದು ನಡೆದುಕೊಂಡು ಹೋದ ಬಾಲಕ ಮುಂದೆ ಅದೇ ಜಾತಿಯ ವಿಮಾನವನ್ನು ಅಸ್ಸಾಮಿನ ಜೋರ್ಹಾಟಿನಿಂದ ಹಾರಿಸಿದ. ಈ ಕಥೆಯನ್ನು ಕೇಳದ ನೆಂಟರು ಆ ಮನೆಯಲ್ಲಿ ಇರಲಾರರು. ಅನ್ವಿತಾ ಓದುವ ಮೇಜಿನ ಮೇಲ್ಗಡೆ ಸಮವಸ್ತ್ರದ ಅಜ್ಜನ ಫೋಟೊ ಇದೆ, ಅವಳು ಏಳನೆಯ ತರಗತಿಯಲ್ಲಿದ್ದಾಗ ಅಪ್ಪ ತೂಗುಹಾಕಿದ್ದು.

ಇದರ ಮೇಲೆ ಮುಂಬಯಿಯ ಸೋದರಮಾವ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಕುಟುಂಬಗಳಲ್ಲಿ ಮಾವನ ಮಾತಿಗೆ ಈಗಲೂ ತೂಕವಿದೆ. ಇವರು ಯೌವನದಲ್ಲಿ ವಾಯುಪಡೆಗೆ ಪ್ರಯತ್ನಿಸಿ ಆಯ್ಕೆ ಮಂಡಳಿಯಿಂದ ವಾಪಸಾದವರು. ಸೇನಾಧಿಕಾರಿಗಳನ್ನು ತಯಾರು ಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಬಾಗಿಲನ್ನು ಹುಡುಗಿಯರಿಗೂ ತೆರೆಯಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ದಿನದಿಂದ, ಅನ್ವಿತಾಳೇ ಮನೆಯ ಎರಡನೆಯ ಪೈಲಟ್ ಎಂದು ಮದುವೆ, ಗೃಹಪ್ರವೇಶಗಳಲ್ಲೆಲ್ಲ ಸಾರಿಕೊಂಡು ಬಂದಿದ್ದಾರೆ. ಸ್ವಂತ ಮಗ ಲೆಕ್ಕಪರಿಶೋಧಕನಾಗಲು ಹೊರಟಿದ್ದಾನೆ, ಅವನನ್ನು ಯಾರೂ ಏನೂ ಕೇಳಿಲ್ಲ.

ಹುಡುಗಿಗೆ ನಿಜವಾಗಿ ಹಾರಲು ಇಷ್ಟವಿದೆಯೇ? ಇಂತಹ ಪ್ರಕರಣಗಳಲ್ಲಿ ಹಿರಿಯರ ಆಸೆಯೇ ಮಕ್ಕಳ ಬಾಯಲ್ಲಿ ಮಾತಾಡುತ್ತಿರುತ್ತದೆ ಎಂದು ಊಹಿಸಿಬಿಡುವುದು ನಮ್ಮ ವೃತ್ತಿಯವರ ಚಾಳಿ. ನನಗೆ ಇಲ್ಲಿ ಹಾಗೆ ಅನ್ನಿಸಲಿಲ್ಲ. ಬಜಪೆಯ ಗುಡ್ಡದ ಮೇಲಿನ ರನ್‌ವೇಗೆ ಮಳೆಗಾಲದಲ್ಲಿ ವಿಮಾನಗಳು ಯಾವ ದಿಕ್ಕಿನಿಂದ ಇಳಿಯುತ್ತವೆ, ಗಾಳಿ ತಿರುಗಿದರೆ ಏನು ಮಾಡುತ್ತಾರೆ ಎಂಬುದನ್ನೆಲ್ಲ ಅವಳು ಯಾರೂ ಹೇಳಿಕೊಡದೆ ತಿಳಿದುಕೊಂಡಿದ್ದಳು. ಅದು ಮಾವನಿಂದ ಬಂದದ್ದಲ್ಲ. ಆದರೆ ಅಜ್ಜ ದಿನವೂ ಏನು ಕೆಲಸ ಮಾಡುತ್ತಿದ್ದರು ಎಂದು ಕೇಳಿದಾಗ, ‘ಯುದ್ಧದಲ್ಲಿದ್ದರು’ ಎಂದಷ್ಟೇ ಹೇಳಿ ಸುಮ್ಮನಾದಳು.

ಹಾಗಾಗಿ ಮೊದಲು ಒಂದು ಕೆಲಸ ಕೊಟ್ಟೆ: ಅಜ್ಜನ ಹಾರಾಟದ ಲಾಗ್‌ಬುಕ್ ನೋಡಿ ಬಾ, ಅಜ್ಜಿಯೊಡನೆ ಪ್ರತ್ಯೇಕವಾಗಿ ಕುಳಿತು ಮಾತಾಡು.

ಅವಳು ತಂದ ಸುದ್ದಿ ಸ್ವಾರಸ್ಯವಾಗಿತ್ತು. ಲಾಗ್‌ಬುಕ್ಕಿನ ಪುಟಗಳ ತುಂಬ ಒಂದೇ ರೀತಿಯ ನಮೂದು: ಗಡಿಯ ಠಾಣೆಗಳಿಗೆ ಸರಬರಾಜು. ರಸ್ತೆಯಿಲ್ಲದ ಕಣಿವೆಗಳಲ್ಲಿ ಅಕ್ಕಿ, ಬೇಳೆ, ಉಪ್ಪಿನ ಮೂಟೆಗಳನ್ನು ಕೆಳಕ್ಕೆ ಬೀಳಿಸಿ, ಮೋಡ ಮುಚ್ಚುವ ಮೊದಲು ತಿರುಗಿ ಬರುವುದು. 1971ರ ಡಿಸೆಂಬರಿನಲ್ಲಿ ಯುದ್ಧದ ಕೆಲವು ಸಾಲುಗಳಿವೆ, ಆಮೇಲೆ ಮತ್ತೆ ಅಕ್ಕಿ ಮೂಟೆ. ‘ಅಜ್ಜ ಲಾರಿ ಡ್ರೈವರ್ ಆಗಿದ್ದರು ಮೇಡಂ’ ಎಂದು ನಕ್ಕಳು. ಆ ನಗುವಿನಲ್ಲಿ ನಿರಾಸೆ ಇರಲಿಲ್ಲ ಎಂಬುದನ್ನು ನಾನು ಬರೆದಿಟ್ಟುಕೊಂಡೆ.

ಅಜ್ಜಿ ಹೇಳಿದ್ದು ಬೇರೆ. ‘ವಿಮಾನ ಬರುವುದು ತಡವಾದರೆ ಕ್ವಾರ್ಟರ್ಸಿನಲ್ಲಿ ನಾವು ಹೆಂಗಸರು ಯಾರ ಮನೆಯ ಬಾಗಿಲನ್ನೂ ಬಡಿಯುತ್ತಿರಲಿಲ್ಲ ಮಾರಾಯ್ತಿ. ಆ ಹೊತ್ತಿನಲ್ಲಿ ಬಾಗಿಲು ಬಡಿದರೆ ಒಳಗಿದ್ದವಳ ಎದೆ ಒಡೆಯುತ್ತದೆ.’ ಅಜ್ಜ ಹೇಳುವ ಕಥೆಗಳಲ್ಲಿ ಈ ಬಾಗಿಲು ಎಲ್ಲಿಯೂ ಬಂದಿರಲಿಲ್ಲ. ಅಜ್ಜನದು ಸುಳ್ಳೆಂದು ಅರ್ಥವಲ್ಲ. ಐವತ್ತು ವರ್ಷ ಊಟದ ಹೊತ್ತಿಗೆ ಹೇಳಿಸಿಕೊಂಡ ಕಥೆ ಹೊಳೆಯ ಕಲ್ಲಿನಂತೆ ನುಣುಪಾಗಿಬಿಡುತ್ತದೆ, ಮೊಮ್ಮಕ್ಕಳ ಕೈಗೆ ಸಿಗುವುದು ಆ ಕಲ್ಲು.

ಆಮೇಲೆ ತಾಯಿಯನ್ನು ಕರೆಸಿದೆ. ಕಣ್ಣಿನ ವಿಷಯವನ್ನು ಅನ್ವಿತಾಳೇ ನನ್ನ ಎದುರು ಹೇಳಿದಳು. ತಾಯಿಯ ಮುಖದಲ್ಲಿ ಮೊದಲು ಮೂಡಿದ್ದು ಸಮಾಧಾನ, ಮಗಳು ಅದನ್ನು ಗಮನಿಸಿದಳು. ಅಲ್ಲಿಂದ ಮಾತು 2010ರ ಮೇ 22ಕ್ಕೆ ಹೋಯಿತು. ದುಬೈಯಿಂದ ಬಂದ ವಿಮಾನ ಬಜಪೆಯ ರನ್‌ವೇ ದಾಟಿ ಕಮರಿಗೆ ಬಿದ್ದು 158 ಜನ ತೀರಿಕೊಂಡ ಬೆಳಗು. ಆ ದಿನ ಸತ್ತವರಲ್ಲಿ ಒಬ್ಬರನ್ನಾದರೂ ಬಲ್ಲ ಮನೆಗಳು ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಬಹಳ. ಆ ತಾಯಿಗೂ ಒಬ್ಬರು ಗೊತ್ತಿದ್ದರು. ಅಜ್ಜನಿಗೆ ಬಜಪೆಯೆಂದರೆ 1951, ಅವರ ಮಗಳಾದ ಈ ತಾಯಿಗೆ 2010. ಎದೆಯಲ್ಲಿದ್ದುದನ್ನು ಅಣ್ಣನ ಉತ್ಸಾಹದ ಎದುರು ಆಕೆ ಒಮ್ಮೆಯೂ ಹೇಳಿರಲಿಲ್ಲ.

ನಾನು ಕೊಟ್ಟ ಸಲಹೆಗಳಿವು. ಮೊದಲನೆಯದಾಗಿ, ಕಣ್ಣಿನ ವೈದ್ಯರ ಬಳಿ ಹನಿ ಹಾಕಿಸಿ ಸರಿಯಾದ ಪರೀಕ್ಷೆ ಮಾಡಿಸಬೇಕು, ಕನ್ನಡಕವನ್ನು ಅದೇ ವಾರ ಹಾಕಬೇಕು. ಹಾಕದೆ ಬಿಟ್ಟರೆ ನಂಬರು ತಾನಾಗಿ ಇಳಿಯುತ್ತದೆ ಎಂದು ಅವಳು ಮೊಬೈಲಿನಲ್ಲಿ ಎಲ್ಲೋ ನೋಡಿ ನಂಬಿದ್ದಳು, ಇಳಿಯುವುದಿಲ್ಲ. ಮುಚ್ಚಿಟ್ಟು ದಾಟುವ ದಾರಿಯೂ ಇಲ್ಲ. ಪೈಲಟ್ ಆಗುವವರ ವೈದ್ಯಕೀಯ ತಪಾಸಣೆ ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯಂತಹ ಕಡೆ ನಡೆಯುತ್ತದೆ. ಕಣ್ಣಿನ ಜೊತೆಗೆ ಎತ್ತರ, ಕುಳಿತಾಗಿನ ಎತ್ತರ, ಕಾಲಿನ ಉದ್ದ, ತೊಡೆಯ ಉದ್ದವನ್ನೂ ಅಳೆಯುತ್ತಾರೆ. ಕಾಕ್‌ಪಿಟ್ಟಿನಲ್ಲಿ ಕಾಲು ಪೆಡಲಿಗೆ ಎಟುಕಬೇಕು, ತುರ್ತಿನಲ್ಲಿ ಆಸನ ಸಮೇತ ಹೊರಚಿಮ್ಮುವಾಗ ಮೊಣಕಾಲು ತಗಲಬಾರದು. ಅಲ್ಲಿ ವಂಶ, ಯೋಗ್ಯತೆಗಳ ಮಾತೇ ಇಲ್ಲ. ಇದನ್ನು ಅವಳಿಗೆ ವಿವರವಾಗಿ ಹೇಳಲು ಸಾಕಷ್ಟು ಸಮಯ ತೆಗೆದುಕೊಂಡೆ, ಏಕೆಂದರೆ ಮೈನಸ್ ಒಂದನ್ನು ಅವಳು ಅಜ್ಜನಿಗೆ ಮಾಡಿದ ದ್ರೋಹದಂತೆ ಹೊತ್ತುಕೊಂಡು ತಿರುಗುತ್ತಿದ್ದಳು.

ಎರಡನೆಯದು ದಾರಿಗಳ ಲೆಕ್ಕ. ದೂರದ್ದು ಮಸುಕಾಗಿ ಕಾಣುವ ಸಮೀಪದೃಷ್ಟಿ ಇರುವಾಗ ಎನ್‌ಡಿಎ ಮೂಲಕ ವಾಯುಪಡೆಯ ಹಾರಾಟ ವಿಭಾಗ ಅವಳಿಗೆ ಸಿಗುವುದಿಲ್ಲ, ಇದನ್ನು ಮೆತ್ತಗೆ ಮಾಡಿ ಹೇಳಲಿಲ್ಲ. ಪದವಿಯ ನಂತರ ವಾಯುಪಡೆಯ ಪ್ರವೇಶ ಪರೀಕ್ಷೆ ಎಎಫ್‌ಕ್ಯಾಟ್ ಇದೆ, ಹಾರಾಟ ವಿಭಾಗಕ್ಕೆ ವಯಸ್ಸಿನ ಮಿತಿ 20ರಿಂದ 24 ವರ್ಷ. ಲೇಸರ್ ಶಸ್ತ್ರಚಿಕಿತ್ಸೆಯ ಮಾತನ್ನು ಮಾವ ಆಗಲೇ ಎತ್ತಿದ್ದರು, ಅದೂ ಬೇಸಿಗೆ ರಜೆಯಲ್ಲೇ ಮುಗಿಸಿಬಿಡೋಣ ಎಂದು. ಇಪ್ಪತ್ತು ತುಂಬುವ ಮೊದಲು ಮಾಡಿಸಿದ ಶಸ್ತ್ರಚಿಕಿತ್ಸೆಯನ್ನು ವಾಯುಪಡೆ ಒಪ್ಪುವುದಿಲ್ಲ; ಈ ವಯಸ್ಸಿನಲ್ಲಿ ನಂಬರು ನಿಂತಿರುವುದೂ ಇಲ್ಲ. ಅವಸರದಿಂದ ಇರುವ ಬಾಗಿಲನ್ನೇ ಮುಚ್ಚಿಕೊಂಡಂತಾಗುತ್ತದೆ. ಆ ವಯಸ್ಸು ಬಂದಾಗ ಅಂದಿನ ಅಧಿಸೂಚನೆಯನ್ನು ಓದಿ, ನೇತ್ರವೈದ್ಯರನ್ನು ಕೇಳಿ ತೀರ್ಮಾನಿಸಲಿ. ಕೋಚಿಂಗ್ ಕೇಂದ್ರದ ಕರಪತ್ರವನ್ನು ನಂಬಿ ಬೇಡ. ಪೈಲಟ್ ಆಗುವ ಸಾಮರ್ಥ್ಯವನ್ನು ಅಳೆಯುವ ಕಂಪ್ಯೂಟರ್ ಪರೀಕ್ಷೆಗೆ ಜೀವಮಾನದಲ್ಲಿ ಒಂದೇ ಅವಕಾಶ ಎಂಬುದನ್ನೂ ತಿಳಿಸಿದೆ. ‘ಸುಮ್ಮನೆ ಒಂದು ಸಲ ಬರೆದು ನೋಡು’ ಎನ್ನುವ ಹಿತೈಷಿಗಳು ಇದನ್ನು ಹೇಳುವುದಿಲ್ಲ. ನಾಗರಿಕ ವಿಮಾನಗಳಲ್ಲಾದರೆ ದೃಷ್ಟಿ ತಿದ್ದುವ ಕನ್ನಡಕ ಹಾಕಿಯೂ ಪೈಲಟ್ ಆಗಬಹುದು, ಆದರೆ ಆ ತರಬೇತಿಯ ಖರ್ಚು ಈ ಕುಟುಂಬಕ್ಕೆ ಎಟುಕುವಂತಿರಲಿಲ್ಲ.

ಮನೆಯವರಿಗೆ ಹೇಳಿದ್ದು ಎರಡೇ ಮಾತು. ಫೋಟೊವನ್ನು ಮೇಜಿನ ಮೇಲಿನಿಂದ ಹಜಾರಕ್ಕೆ ಸ್ಥಳಾಂತರಿಸಿ. ಮತ್ತು ಅವಳಾಗಿ ಹೇಳುವವರೆಗೆ ಅವಳ ವೃತ್ತಿಯ ಬಗ್ಗೆ ಸಮಾರಂಭಗಳಲ್ಲಿ ಘೋಷಣೆ ಬೇಡ. ಎರಡನೆಯದನ್ನು ಮಾವನಿಗೆ ತಲುಪಿಸುವ ಹೊಣೆಯನ್ನು ತಾಯಿಯೇ ವಹಿಸಿಕೊಂಡರು. ಅಣ್ಣನಿಗೆ ಎದುರಾಡಿದ್ದು ಅದೇ ಮೊದಲೆಂದು ಆಮೇಲೆ ತಿಳಿಯಿತು.

ಅಜ್ಜನಿಗೆ ಹೇಳಲು ಅನ್ವಿತಾ ಒಬ್ಬಳೇ ಹೋದಳು. ಅವರು ಕೇಳಿದ್ದು ‘ನಂಬರು ಎಷ್ಟು?’ ಎಂದು. ವಿಮಾನದ ಎತ್ತರ ತೋರಿಸುವ ಅಲ್ಟಿಮೀಟರಿನ ಅಂಕಿ ಓದಲು ಕೊನೆಯ ವರ್ಷಗಳಲ್ಲಿ ತನಗೂ ಕನ್ನಡಕ ಬೇಕಾಗಿತ್ತು, ಫೋಟೊ ಮಾತ್ರ ಇಪ್ಪತ್ತೆರಡರ ವಯಸ್ಸಿನದು ಎಂದರಂತೆ. ಇದನ್ನು ಕೇಳಿ ಅವಳು ಹಿಗ್ಗಿಬಿಟ್ಟಳು. ನಾನು ಸ್ವಲ್ಪ ತಣ್ಣೀರು ಎರಚಬೇಕಾಯಿತು: ಸೇವೆಯಲ್ಲಿರುವವರಿಗೆ ವಯಸ್ಸಾದಂತೆ ಬರುವ ಕನ್ನಡಕ ಬೇರೆ, ಸೇರುವವರ ನಿಯಮ ಬೇರೆ.

ಈಗ ಅವಳು ಎಂಜಿನಿಯರಿಂಗ್ ಮೊದಲ ವರ್ಷದಲ್ಲಿದ್ದಾಳೆ. ಕನ್ನಡಕ ಹಾಕುತ್ತಾಳೆ, ತಲೆನೋವಿಲ್ಲ. ಎನ್‌ಸಿಸಿಯ ವಾಯು ವಿಭಾಗಕ್ಕೆ ಸೇರಿದ್ದಾಳೆ. ‘ಸಿ’ ಪ್ರಮಾಣಪತ್ರ ಪಡೆದವರಿಗೆ ವಾಯುಪಡೆಯಲ್ಲಿ ವಿಶೇಷ ಪ್ರವೇಶವಿರುವುದರಿಂದ ಅದನ್ನು ನಾನೇ ಸೂಚಿಸಿದ್ದೆ. ವಾಯುಪಡೆಯಲ್ಲಿ ವಿಮಾನ ಹಾರಿಸದ ತಾಂತ್ರಿಕ ಶಾಖೆಯ ಹೆಸರನ್ನು ಒಂದು ಸಲ ತಾನಾಗಿ ಎತ್ತಿದಳು, ಮುಂದಿನ ಸಲ ಎತ್ತಲಿಲ್ಲ. ಇಪ್ಪತ್ತು ತುಂಬಿದ ಮೇಲೆ ಒಮ್ಮೆ ಬರುವಂತೆ ಹೇಳಿದ್ದೇನೆ. ತಾಯಿ ಮಾತ್ರ ತಿಂಗಳಿಗೊಮ್ಮೆ ಬರುತ್ತಿದ್ದಾರೆ. ವಿಮಾನದ ಸದ್ದು ಕೇಳಿದರೆ ಕೈಯಲ್ಲಿದ್ದ ಕೆಲಸ ನಿಲ್ಲಿಸುವ ಅವರ ಅಭ್ಯಾಸ 2010ಕ್ಕಿಂತ ಹಿಂದಿನದು, ಜೋರ್ಹಾಟಿನ ಕ್ವಾರ್ಟರ್ಸಿನದು ಎಂದು ಈಚೆಗೆ ಗೊತ್ತಾಗಿದೆ. ಅದರ ಕೆಲಸ ಈಗಷ್ಟೇ ಶುರುವಾಗಿದೆ.