ಗಾಳಿಯೇ ಇಲ್ಲದ ಪಟಾಕಿಯೊಳಗೆ ಮದ್ದು ಹೇಗೆ ಉರಿಯುತ್ತದೆ?

ಕಪ್ಪು ಮದ್ದಿಗೆ ಹೊರಗಿನ ಗಾಳಿ ಬೇಕಿಲ್ಲ. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುತ್ತದೆ. ಅದರಲ್ಲಿರುವುದು ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್), ಇದ್ದಿಲು ಮತ್ತು ಗಂಧಕ. ಬಿಸಿ ತಾಗಿದಾಗ ಪೆಟ್ಲುಪ್ಪು ಆಮ್ಲಜನಕ ಬಿಟ್ಟುಕೊಡುತ್ತದೆ, ಪಕ್ಕದಲ್ಲೇ ಇರುವ ಇದ್ದಿಲು ಅದರಿಂದ ಉರಿಯುತ್ತದೆ. ಗಂಧಕವೂ ಇಂಧನವೇ. ಆದರೆ ಮದ್ದು ಬೇಗ ಹೊತ್ತಿಕೊಳ್ಳುವಂತೆ ಮಾಡುವುದು ಅದರ ದೊಡ್ಡ ಕೆಲಸ.

ಕ್ಷಣದಲ್ಲಿ ಸಾರಜನಕ, ಕಾರ್ಬನ್ ಡೈಆಕ್ಸೈಡ್‌ನಂಥ ಬಿಸಿ ಅನಿಲಗಳು ಹುಟ್ಟುತ್ತವೆ. ಬಿಗಿಯಾಗಿ ಸುತ್ತಿದ ಕಾಗದದೊಳಗೆ ಅವಕ್ಕೆ ಜಾಗವೆಲ್ಲಿ? ಒತ್ತಡ ಏರಿ ಕಾಗದ ಹರಿದಾಗಲೇ ಢಮ್ ಎನ್ನುವುದು. ಕೆಳಗೆ ತೂತಿದ್ದರೆ ಅದೇ ಅನಿಲ ರಾಕೆಟ್ಟನ್ನು ಮೇಲಕ್ಕೆ ತಳ್ಳುತ್ತದೆ. ಪಟಾಕಿ ಹೊಡೆದಾಗ ದಟ್ಟ ಹೊಗೆ ಏಳುತ್ತದಲ್ವಾ, ಅದರಲ್ಲಿ ಜಾಸ್ತಿ ಇರುವುದು ಪೊಟ್ಯಾಸಿಯಂ ಲವಣಗಳ ಸಣ್ಣ ಕಣಗಳು. ಬಣ್ಣ ಮಾತ್ರ ಈ ಮದ್ದಿನದ್ದಲ್ಲ. ಕೆಂಪಿಗೆ ಸ್ಟ್ರಾನ್ಷಿಯಂ, ಹಸಿರಿಗೆ ಬೇರಿಯಂ ಲವಣ ಬೇರೆಯಾಗಿ ಸೇರಿಸಿರುತ್ತಾರೆ.